ಈ ವಾರ ಯಾರ ಖಾನೆ ಉಬ್ಬಿತು

ಮನುಷ್ಯರ ಸಹವಾಸ ಬೇಡವೆಂದು ಯಂತ್ರದ ಕೆಲಸ ಹಿಡಿದವರಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ನನಗಂತೂ ಹದಿನೈದು ದಿನಕ್ಕೊಂದರಂತೆ ಒದಗುತ್ತಿದ್ದವು. ಆಗಲೇ ಯಾರಿಗಾದರೂ ಹೇಳೋಣವೆಂದರೆ ಎದುರಿಗೆ ಯಾರೂ ಕೂರುತ್ತಿರಲಿಲ್ಲ. ಅದಕ್ಕೆ ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆ. ಮುಂಬಯಿಯ ವಿಕ್ರೋಳಿಯಲ್ಲಿ ಪಂಪು ತಯಾರಿಸುವ ಒಂದು ಕಾರ್ಖಾನೆ. ವಿಕ್ರೋಳಿ ಎಂದ ಕೂಡಲೇ ಎಲ್ಲರಿಗೂ ಹೊಳೆಯುತ್ತದಲ್ಲ, ಆ ಕಾರ್ಖಾನೆ ಅಲ್ಲ. ನಮ್ಮದರ ಹೆಸರು ಹೇಳಿದರೆ ರಿಕ್ಷಾದವನು "ಅದು ಯಾವುದರ ಹಿಂದೆ?" ಎಂದು ಕೇಳುತ್ತಿದ್ದ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ನಾನು ವಿಲೆ ಪಾರ್ಲೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ದಿನಾ ದಾದರಿನಲ್ಲಿ ಲೋಕಲ್ ಬದಲಿಸಿ ಅಲ್ಲಿಗೆ ಹೋಗುತ್ತಿದ್ದೆ. ಕಂಪ್ಯೂಟರ್ ಕೋಣೆಯ ಉಸ್ತುವಾರಿ ನನ್ನದು. ಕೋಣೆಯಲ್ಲಿ ನಾನೊಬ್ಬನೇ ಇದ್ದುದರಿಂದ ಉಸ್ತುವಾರಿಗೆ ಹೆಚ್ಚು ಕಷ್ಟವಿರಲಿಲ್ಲ.

ಕಂಪ್ಯೂಟರ್ ಎಂದರೆ ಬೀರುವಿನಷ್ಟು ಎತ್ತರದ ಒಂದು ಯಂತ್ರ. ನನ್ನ ಮೇಜಿನ ಮೇಲೂ ಐದು ವಿಭಾಗಗಳಲ್ಲೂ ಒಂದೊಂದು ಟರ್ಮಿನಲ್, ನೋಡಲು ದೊಡ್ಡ ಟೈಪ್‌ರೈಟರಿನ ಹಾಗೆ. ನಾವು ಹೊಡೆದದ್ದೂ ಯಂತ್ರ ಉತ್ತರಿಸಿದ್ದೂ ಒಂದೇ ಕಾಗದದ ಸುರುಳಿಯ ಮೇಲೆ ಗಡಗಡ ಅಚ್ಚಾಗುತ್ತಿತ್ತು. ಎಲ್ಲರ ಕೆಲಸವೂ ಕೂತಿದ್ದದ್ದು ಒಂದೇ ಡಿಸ್ಕಿನ ಮೇಲೆ. ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಡೈರೆಕ್ಟರಿ. ಇಲ್ಲಿ ಖಾನೆ ಎನ್ನುತ್ತೇನೆ. ಖಾನೆಯೊಳಗೆ ಫೈಲುಗಳು, ಬೇಕೆಂದರೆ ಇನ್ನಷ್ಟು ಖಾನೆಗಳು. ಡಿಸ್ಕ್ ತುಂಬಿದರೆ ಎಲ್ಲ ಟರ್ಮಿನಲ್ಲುಗಳಲ್ಲೂ ಒಮ್ಮೆಗೇ 'ಜಾಗವಿಲ್ಲ' ಎಂದು ಅಚ್ಚಾಗಿ ಕೆಲಸ ನಿಲ್ಲುತ್ತಿತ್ತು.

ಹಾಗೆ ತುಂಬದಂತೆ ನೋಡಿಕೊಳ್ಳಲು ನನ್ನನ್ನು ಇಟ್ಟಿದ್ದರು. ಯಾವ ಖಾನೆ ದೊಡ್ಡದು, ಅದರಲ್ಲೂ ಈಚೆಗೆ ಯಾವುದು ಉಬ್ಬಿದೆ ಎಂದು ಪತ್ತೆ ಹಚ್ಚಿ, ಅದರ ಒಡೆಯನ ಮುಂದೆ ಹೋಗಿ ನಿಂತು ಖಾಲಿ ಮಾಡಿಸಬೇಕು. ಕಾರಿಡಾರಿನಲ್ಲಿ ನನ್ನನ್ನು ಕಂಡರೆ ಜನಕ್ಕೆ ಬಾತ್‌ರೂಮಿನ ನೆನಪಾಗುತ್ತಿತ್ತು. ಕ್ಯಾಂಟೀನಿನಲ್ಲಿ ನಾನು ಕೂತ ಮೇಜು ಐದು ನಿಮಿಷದಲ್ಲಿ ಖಾಲಿಯಾಗುತ್ತಿತ್ತು. ಡಿಸ್ಕ್ ಮಾತ್ರ ಆಗುತ್ತಿರಲಿಲ್ಲ.

ಎರಡು ಸಲ ಕೆಲಸ ನಿಂತ ಮೇಲೆ ಮ್ಯಾನೇಜರು ನನ್ನನ್ನು ಕರೆಸಿದರು. "ಮೂರನೇ ಸಲ ನಿಂತರೆ ಟರ್ಮಿನಲ್ಲುಗಳನ್ನೆಲ್ಲ ಕಿತ್ತು ಹಾಕಿ, ಮೊದಲಿನ ಹಾಗೆ ಕಾರ್ಡಿಗೆ ತೂತು ಹೊಡೆಸಿ ಯಂತ್ರಕ್ಕೆ ಕೊಡಿಸುತ್ತೇನೆ. ಆಗ ನಿಮಗೆ ಇಲ್ಲಿ ಕೆಲಸವಿರುವುದಿಲ್ಲ. ನಮ್ಮ ಜೋಗೇಶ್ವರಿ ಗೋಡೌನಿಗೆ ಹೋಗಿ. ನಿಮ್ಮ ಮನೆಗೂ ಹತ್ತಿರ."

ಜೋಗೇಶ್ವರಿ ಗೋಡೌನಿನಲ್ಲಿ ಇದ್ದದ್ದು ವಾಪಸು ಬಂದ ಪಂಪುಗಳು ಮತ್ತು ಒಬ್ಬ ವಾಚ್‌ಮನ್. ವಾಚ್‌ಮನ್‌ಗೆ ಕಿವಿ ಕೇಳುತ್ತಿರಲಿಲ್ಲ. ಇಲ್ಲಿ ಜನ ನನ್ನನ್ನು ಕಂಡು ಓಡುತ್ತಿದ್ದರು, ನಿಜ. ಓಡುವುದಕ್ಕಾದರೂ ಜನ ಬೇಕಲ್ಲ.

೧. ಎಲ್ಲಕ್ಕಿಂತ ದೊಡ್ಡದು

ಯಂತ್ರದಲ್ಲಿ ನಮ್ಮ ಅಪ್ಪಣೆಗಳನ್ನು ಕೇಳಿಸಿಕೊಳ್ಳುವ ಭಾಗಕ್ಕೆ ಶೆಲ್ ಎಂದು ಹೆಸರು. ಅದಕ್ಕೆ 'ಡಿಯು' ಎಂದು ಎರಡಕ್ಷರ ಹೊಡೆದರೆ ಪ್ರತಿ ಖಾನೆಯ ಗಾತ್ರವನ್ನು ಅಚ್ಚು ಮಾಡುತ್ತದೆ. ಆ ಪಟ್ಟಿಯನ್ನು 'ಸಾರ್ಟ್' ಎಂಬ ಇನ್ನೊಂದು ಅಪ್ಪಣೆಗೆ ದಾಟಿಸಿದರೆ ದೊಡ್ಡದು ಮೇಲೆ, ಸಣ್ಣದು ಕೆಳಗೆ ಬರುವಂತೆ ಜೋಡಿಸಿಕೊಡುತ್ತದೆ. ದಾಟಿಸುವುದಕ್ಕೆ ಎರಡರ ನಡುವೆ ಒಂದು ಗುರುತು ಹಾಕಬೇಕು, ಅಷ್ಟೇ. ನನ್ನ ಪದವಿ ನನಗೆ ಆ ಗುರುತಿನಷ್ಟೂ ಉಪಯೋಗಕ್ಕೆ ಬಂದಿಲ್ಲ.

ಮೊದಲ ಪಟ್ಟಿಯನ್ನು ಮ್ಯಾನೇಜರಿಗೆ ಒಯ್ದು ಕೊಟ್ಟೆ. ಅವರು ತುದಿಯ ಸಾಲಿನ ಮೇಲೆ ಬೆರಳಿಟ್ಟರು.

"ಎಲ್ಲಕ್ಕಿಂತ ಮೇಲಿದ್ದಾನಲ್ಲ, ಯಾರಿವನು? ಹೆಸರಿಲ್ಲ, ಬರೀ ಒಂದು ಓರೆ ಗೆರೆ ಇದೆ."

"ಅದು ಮೂಲ ಖಾನೆ ಸರ್. ಉಳಿದ ಎಲ್ಲ ಖಾನೆಗಳೂ ಅದರೊಳಗೇ ಇರುವುದು. ಹಾಗಾಗಿ ಯಾವಾಗಲೂ ಅದೇ ದೊಡ್ಡದು."

"ಯಾವ ವಿಭಾಗ?"

"ಎಲ್ಲ ವಿಭಾಗವೂ. ಎಲ್ಲರದ್ದೂ ಸೇರಿಸಿದ ಮೊತ್ತ ಅದು."

"ಅದನ್ನು ಅಳಿಸಿದರೆ ಎಷ್ಟು ಜಾಗ ಸಿಗುತ್ತದೆ?"

"ಪೂರ್ತಿ ಸಿಗುತ್ತದೆ ಸರ್."

ಅವರ ಮುಖ ಅರಳಿತು. "ಕೆಲಸವೂ ಪೂರ್ತಿ ಹೋಗುತ್ತದೆ" ಎಂದು ಬೇಗ ಸೇರಿಸಿದೆ. ಮುಖ ಮೊದಲಿನಂತಾಯಿತು.

"ಆಯಿತು. ಆದರೆ ಇಷ್ಟು ದೊಡ್ಡದಾಗಿ ಬೆಳೆದಿದೆ ಎಂದ ಮೇಲೆ ಯಾರಾದರೂ ಜವಾಬ್ದಾರರು ಇರಬೇಕಲ್ಲ?"

"ಎಲ್ಲ ವಿಭಾಗಗಳ ಮೇಲಿರುವವರು ಎಂದರೆ ತಾವೇ, ಸರ್."

ಅವರು ಆ ಸಂಖ್ಯೆಯನ್ನು ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು.

"ಹಾಗೆ ನೋಡಿದರೆ ಅಷ್ಟೇನೂ ದೊಡ್ಡದಲ್ಲ ಬಿಡಿ" ಎಂದರು.

೨. ಸುತ್ತೋಲೆ ಪಾಲಿಸಿದವರು

'ಬೇಡದ ಫೈಲುಗಳನ್ನು ದಯವಿಟ್ಟು ಅಳಿಸಿ' ಎಂದು ಒಂದು ಸುತ್ತೋಲೆ ಹೊರಡಿಸಿದೆ. ವಾರ ಕಳೆದರೂ ಡಿಸ್ಕಿನಲ್ಲಿ ಏನೂ ಕಡಿಮೆಯಾಗಲಿಲ್ಲ. ಯಾರದೋ ಖಾನೆ ಈಗಲೂ ಉಬ್ಬುತ್ತಿದೆ ಎಂದು ಖಾತ್ರಿಯಾಯಿತು. ಪ್ರತಿ ಖಾನೆಯ ಪಕ್ಕದಲ್ಲೂ ಅದು ಕಡೆಯ ಸಲ ಬದಲಾದ ತಾರೀಖು ಇರುತ್ತದೆ. ದೊಡ್ಡ ಖಾನೆಗಳಲ್ಲಿ ಯಾವುದಕ್ಕೆ ಇವತ್ತಿನ ತಾರೀಖಿದೆಯೋ ಅದೇ ಕಳ್ಳ ಖಾನೆ ಎಂದು ಲೆಕ್ಕ ಹಾಕಿದೆ. ಒಂದೇ ಒಂದು ಸಿಕ್ಕಿತು. ಡಿಸೈನ್ ವಿಭಾಗದ ಒಬ್ಬ ಹಿರಿಯರದ್ದು. ಗಿರಗಾಂವಿನವರು, ನಿವೃತ್ತಿಗೆ ಎರಡು ತಿಂಗಳಿತ್ತು, ಸೇವೆಯುದ್ದಕ್ಕೂ ಯಾರಿಂದಲೂ ಒಂದು ಮಾತು ಕೇಳಿದವರಲ್ಲ. ಅವರಿಗೆ ಮೆಮೊ ಕಳಿಸಿದೆ.

ಅರ್ಧ ಗಂಟೆಯಲ್ಲಿ ಮೆಮೊ ಹಿಡಿದುಕೊಂಡು ಬಂದರು. ನಿಂತೇ ಮಾತಾಡಿದರು.

"ನಿಮ್ಮ ಸುತ್ತೋಲೆ ಓದಿದೆ. ಬೇಡದ್ದನ್ನು ಅಳಿಸಿ ಎಂದಿತ್ತು. ಇವತ್ತು ಬೆಳಿಗ್ಗೆ ಕೂತು ಒಂದೊಂದೇ ಅಳಿಸಿದೆ. ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಇದು ಮೇಜಿನ ಮೇಲಿತ್ತು."

ಅವರ ಎದುರಿಗೇ ಮತ್ತೆ ಪಟ್ಟಿ ತೆಗೆದು ನೋಡಿದಾಗ ತಪ್ಪು ತಿಳಿಯಿತು. ಚಾಳಿನ ಖೋಲಿಯ ಬಾಗಿಲಿಗೆ ಹೆಸರಿನ ಬೋರ್ಡು ಹಾಕಿರುತ್ತಾರಲ್ಲ, ಖಾನೆಯ ತಾರೀಖೂ ಹಾಗೆಯೇ. ಹೊಸಬರು ಬಂದರೆ ಅಥವಾ ಇದ್ದವರು ಬಿಟ್ಟುಹೋದರೆ ಬೋರ್ಡು ಬದಲಾಗುತ್ತದೆ. ಒಳಗೆ ಇದ್ದವನು ತಿಂದು ತಿಂದು ದಪ್ಪಗಾದರೆ ಬೋರ್ಡಿಗೆ ಅದು ಗೊತ್ತಾಗುವುದಿಲ್ಲ. ಈ ಹಿರಿಯರು ಒಳಗಿದ್ದವರನ್ನು ಹೊರಗೆ ಕಳಿಸಿದ್ದರಿಂದ ತಾರೀಖು ಬದಲಾಗಿತ್ತು. ಖರೀದಿ ವಿಭಾಗದವರ ಒಂದೇ ಫೈಲು ದಿನದಿನಕ್ಕೂ ಬೆಳೆದು ಇನ್ನೇನು ಬಾಗಿಲು ಒಡೆಯುವುದರಲ್ಲಿತ್ತು; ಅವರ ಖಾನೆಯ ತಾರೀಖು ಹೋದ ದೀಪಾವಳಿಯದು.

ಇದನ್ನೆಲ್ಲ ಹಿರಿಯರಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಅಂದರೆ ಇಡೀ ಕಾರ್ಖಾನೆಯಲ್ಲಿ ಸುತ್ತೋಲೆ ಪಾಲಿಸಿದವನು ನಾನೊಬ್ಬನೇ?"

"ಹೌದು."

"ಅದಕ್ಕೇ ಸಿಕ್ಕಿಬಿದ್ದೆ?"

"ಹೌದು."

"ಇನ್ನು ಮೇಲೆ ನನ್ನ ಖಾನೆಯ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಬರೆದುಕೊಡಿ."

ಬರೆದುಕೊಟ್ಟೆ. ಬರೆದ ಮೇಲೆ ನಡೆದುಕೊಳ್ಳಬೇಕು. ನನ್ನ ಪಟ್ಟಿಯಿಂದ ಅವರ ಹೆಸರಿನ ಸಾಲು ತಾನಾಗಿ ಉದುರಿಹೋಗುವಂತೆ ಶೆಲ್‌ಗೆ ಇನ್ನೊಂದು ಅಪ್ಪಣೆಯನ್ನೂ ಸೇರಿಸಿದೆ. ಹಿರಿಯರು ಕಾಗದವನ್ನು ಎರಡು ಸಲ ಓದಿ, ಸಹಿಯ ಕೆಳಗೆ ಮೊಹರು ಹಾಕಿಸಿಕೊಂಡರು.

"ಇಷ್ಟು ವರ್ಷದಲ್ಲಿ ಕಂಪನಿಯಿಂದ ಒಂದು ಪ್ರಶಂಸಾಪತ್ರ ಬರಲಿಲ್ಲ. ಇದಕ್ಕೇ ಫ್ರೇಮು ಹಾಕಿಸುತ್ತೇನೆ" ಎಂದು ಹೊರಟರು.

೩. ಭಾನುವಾರದ ಉದ್ಯೋಗ

ಭಾನುವಾರ ನನಗೆ ಕಷ್ಟದ ದಿನ. ಕಾರ್ಖಾನೆಯಲ್ಲಾದರೆ ಜನ ತಪ್ಪಿಸಿಕೊಳ್ಳುತ್ತಾರೆ; ಪಾರ್ಲೆಯಲ್ಲಿ ನಾನು ಯಾರೆಂದೇ ಯಾರಿಗೂ ಗೊತ್ತಿರಲಿಲ್ಲ. ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ತಿಂಡಿ ತಿಂದು, ಪೇಪರನ್ನು ಜಾಹೀರಾತು ಸಮೇತ ಓದಿ, ಎರಡನೇ ಕಾಫಿಗೆ ಇನ್ನರ್ಧ ಗಂಟೆ ಕೂರುತ್ತಿದ್ದೆ. ಒಂದು ಭಾನುವಾರ ಮಳೆ ಜೋರಾಗಿ ಹೋಟೆಲು ಖಾಲಿಯಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಯಜಮಾನರಿಗೂ ಹೊತ್ತು ಹೋಗಬೇಕಾಗಿತ್ತು. ಉಡುಪಿ ಕಡೆಯವರು.

"ನಿಮಗೆ ಕೆಲಸ ಎಂತದು?" ಎಂದು ಕೇಳಿದರು.

ಕಂಪ್ಯೂಟರ್ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆಂದು ನನಗೆ ಅನುಭವವಿತ್ತು. ಸುಲಭ ಮಾಡಿ ಹೇಳಿದೆ: "ಯಾವುದು ಹೆಚ್ಚು ಜಾಗ ಹಿಡಿದಿದೆ, ಅದರಲ್ಲಿ ಈಚೆಗೆ ಬೆಳೆದದ್ದು ಯಾವುದು ಅಂತ ಹುಡುಕುವುದು."

"ಸಿಕ್ಕಿದ ಮೇಲೆ?"

"ಇದು ಯಾರದ್ದು ಅಂತ ಕೇಳುವುದು."

"ಅವರು ಎಂತ ಹೇಳ್ತಾರೆ?"

"ನನ್ನದಲ್ಲ ಅಂತಾರೆ."

"ಮತ್ತೆ?"

"ನೋಟೀಸು ಕೊಡ್ತೇನೆ."

"ತೆಗೀತಾರಾ?"

"ಇಲ್ಲ."

ಯಜಮಾನರು ತಲೆಯಾಡಿಸಿದರು. ಎಲ್ಲ ಅರ್ಥವಾದವರ ಹಾಗೆ ಕಂಡರು. "ಅಷ್ಟು ಸುತ್ತು ಬಳಸಿ ಯಾಕೆ ಹೇಳುದು ಮಾರಾಯ್ರೆ? ಮುನಿಸಿಪಾಲಿಟಿ ಅಂತ ಹೇಳಿದ್ರೆ ಸಾಕಲ್ಲ."

ಅಲ್ಲವೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಎದ್ದು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಆರು ತಿಂಗಳಲ್ಲಿ ಆ ಕುರ್ಚಿಯಲ್ಲಿ ಬೇಕೆಂದೇ ಕೂತವರು ಅವರೊಬ್ಬರೇ. ಹೋಟೆಲಿನ ಹಿಂದಿನ ಗಟಾರದ ವಿಷಯ ಇಪ್ಪತ್ತು ನಿಮಿಷ ಹೇಳಿದರು. ನಾನು ಪೇಪರಿನ ಅಂಚಿನಲ್ಲಿ ಬರೆದುಕೊಂಡೆ. ಪ್ರತಿ ಭಾನುವಾರ ನಾನು ಹೋದ ಕೂಡಲೇ ಎದ್ದು ಬಂದು "ಎಂತ ಆಯ್ತು?" ಎನ್ನುತ್ತಿದ್ದರು. "ಮೇಲಿನವರಿಗೆ ಬರೆದಿದ್ದೇನೆ" ಎನ್ನುತ್ತಿದ್ದೆ. ಮಳೆಗಾಲ ಮುಗಿಯುವಾಗ ಗಟಾರ ತಾನಾಗಿ ಇಳಿಯಿತು. ಯಜಮಾನರು ನನಗೆ ಒಂದು ಪ್ಲೇಟು ಗೋಳಿಬಜೆ ತಾವೇ ತಂದಿಟ್ಟು, "ನಿಮ್ಮಂಥವರು ಒಬ್ಬರಾದ್ರೂ ಉಂಟಲ್ಲ" ಎಂದರು. ತಿಂದೆ.

೪. ಕರ್ಚೀಫು

ಬೋರ್ಡಿನ ಪಾಠ ಕಲಿತ ಮೇಲೆ ಹುಡುಕುವ ಕ್ರಮ ಬದಲಿಸಿದೆ. ಖಾನೆಯ ತಾರೀಖನ್ನು ಬಿಟ್ಟು ಒಳಗಿನ ಫೈಲುಗಳ ತಾರೀಖನ್ನು ನೋಡುವುದು. ಈ ವಾರ ಬದಲಾದ ಫೈಲುಗಳು ಯಾವ ಯಾವ ಖಾನೆಯಲ್ಲಿವೆ ಎಂದು ತೆಗೆಯುವುದು. ಆ ಖಾನೆಗಳನ್ನು ಮಾತ್ರ ಗಾತ್ರದ ಪ್ರಕಾರ ಜೋಡಿಸುವುದು. ಜೊತೆಗೆ ಒಂದು ನಿಯಮವನ್ನೂ ತಂದೆ: ಮೂವತ್ತು ದಿನ ಯಾರೂ ಮುಟ್ಟದ ಫೈಲನ್ನು ನಾನೇ ಅಳಿಸುತ್ತೇನೆ.

ಕ್ವಾಲಿಟಿ ವಿಭಾಗದ ಒಬ್ಬ ಇಂಜಿನಿಯರನ ಖಾನೆ ಪಟ್ಟಿಯ ತುದಿಗೆ ಬಂತು. ಕಲ್ಯಾಣದಿಂದ ಲೋಕಲ್ ಹಿಡಿದು ಬರುವ ಮನುಷ್ಯ. ಅವನ ದೊಡ್ಡ ಫೈಲು ದಿನಾ ತಪ್ಪದೆ ಬದಲಾಗುತ್ತಿತ್ತು. ತೆರೆದು ನೋಡಿದರೆ ಒಳಗೆ ಬರೀ 'ಎಕ್ಸ್' ಅಕ್ಷರ. ಸಾಲಿಗೆ ಸಾಲು, ಪುಟಕ್ಕೆ ಪುಟ, ಎಕ್ಸ್. ಅವನ ಮೇಜಿಗೆ ಹೋದೆ. ಬಾತ್‌ರೂಮಿಗೆ ಹೋಗಲು ಅವನಿಗೆ ಸಮಯ ಸಿಗಲಿಲ್ಲ.

"ಇದೇನು?" ಎಂದೆ.

"ಕರ್ಚೀಫು" ಎಂದ, ಮುಚ್ಚುಮರೆಯಿಲ್ಲದೆ. "ಕಲ್ಯಾಣದಲ್ಲಿ ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ಕರ್ಚೀಫು ಹಾಕುತ್ತೇವಲ್ಲ, ಹಾಗೆ. ನನ್ನ ಟೆಸ್ಟ್ ರಿಪೋರ್ಟು ಶುಕ್ರವಾರ ಬರುತ್ತದೆ. ಅಷ್ಟರಲ್ಲಿ ನೀವು ಜಾಗವಿಲ್ಲ ಎಂದರೆ ಅದನ್ನು ಎಲ್ಲಿ ಕೂರಿಸಲಿ? ಈಗಲೇ ಇದನ್ನು ಹಾಸಿಟ್ಟಿದ್ದೇನೆ. ರಿಪೋರ್ಟು ಬಂದ ಮೇಲೆ ಇದನ್ನೆತ್ತಿ ಅದನ್ನು ಕೂರಿಸುತ್ತೇನೆ."

"ಮತ್ತೆ ದಿನಾ ಬದಲಾಗುತ್ತದಲ್ಲ?"

"ಮೂವತ್ತು ದಿನ ಮುಟ್ಟದ್ದನ್ನು ನೀವು ಎತ್ತಿಹಾಕುತ್ತೀರಿ. ಅದಕ್ಕೆ ದಿನಾ ಬೆಳಿಗ್ಗೆ ಬಂದು ಒಂದು ಎಕ್ಸ್ ಹೆಚ್ಚು ಹೊಡೆಯುತ್ತೇನೆ. ನಿಯಮ ನಿಮ್ಮದೇ."

ಇನ್ನು ಯಾರು ಯಾರು ಹೀಗೆ ಮಾಡಿದ್ದಾರೆ ಎಂದು ಕೇಳಿದೆ. ಅವನಿಗೆ ಸಿಟ್ಟು ಬಂತು. "ಜೊತೆಗೆ ಪ್ರಯಾಣ ಮಾಡುವವರ ಕರ್ಚೀಫು ಯಾರದ್ದು ಎಂದು ಟಿ.ಸಿ.ಗೆ ಹೇಳಿಕೊಡುವವನಲ್ಲ ನಾನು" ಎಂದ.

ನಾನೇ ಹುಡುಕಿದೆ. ಎಲ್ಲ ವಿಭಾಗದಲ್ಲೂ ಇದ್ದವು. ಡಿಸ್ಕಿನ ಕಾಲು ಭಾಗ ಬರೀ ಕರ್ಚೀಫು. ಯಾರೂ ಕೂತಿಲ್ಲ, ಯಾರಿಗೂ ಜಾಗವಿಲ್ಲ. ಎಲ್ಲವನ್ನೂ ಅಳಿಸಿದೆ. ಮಾರನೇ ದಿನ ಆ ಇಂಜಿನಿಯರ್ ಬಂದು, "ನನ್ನದನ್ನು ಎಬ್ಬಿಸಿದಿರಿ, ಸರಿ. ಈಗ ಆ ಜಾಗದಲ್ಲಿ ಖರೀದಿ ವಿಭಾಗದವರು ಕಾಲು ಚಾಚಿ ಕೂತಿದ್ದಾರೆ" ಎಂದು ದೂರು ಕೊಟ್ಟ. ಅವನ ಹಿಂದೆಯೇ ಮ್ಯಾನೇಜರಿಂದ ಕರೆ ಬಂತು.

"ಕರ್ಚೀಫುಗಳನ್ನೆಲ್ಲ ಎತ್ತಿಹಾಕಿದಿರಂತೆ" ಎಂದರು. "ಒಳ್ಳೆಯ ಕೆಲಸ. ಇಷ್ಟು ಧೈರ್ಯ ಬೇಕು."

ಥ್ಯಾಂಕ್ಸ್ ಹೇಳಿ ಹೊರಟೆ. ಬಾಗಿಲು ಹಾಕಿ ಬನ್ನಿ ಎಂದರು. ಹಾಕಿ ಬಂದೆ.

"ಅದರಲ್ಲಿ ನನ್ನದೂ ಒಂದಿತ್ತು" ಎಂದರು, ದನಿ ತಗ್ಗಿಸಿ. "ಕಿಟಕಿ ಪಕ್ಕದ್ದು."

೫. ನನಗೆ ನಾನೇ

ಕಾರ್ಖಾನೆಯಲ್ಲಿ ನನ್ನ ಜೊತೆ ತಾನಾಗಿ ಮಾತಾಡುತ್ತಿದ್ದವನು ಒಬ್ಬನೇ, ಎ.ಸಿ. ಮಿಸ್ತ್ರಿ. ಬಿಜಾಪುರ ಕಡೆಯ ಮುಸಲ್ಮಾನ, ನನಗಿಂತ ಹತ್ತು ವರ್ಷ ಹಿರಿಯ. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ. ಕಂಪ್ಯೂಟರಿಗೆ ಸೆಕೆಯಾಗಬಾರದೆಂದು ಕೋಣೆಯಲ್ಲಿ ಎರಡು ಎ.ಸಿ. ಇದ್ದವು, ಅವುಗಳ ನೆಪದಲ್ಲಿ ದಿನಾ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ನಿನ್ನೆ ಎಲ್ಲಿ ಊಟ, ಊರಿಂದ ಕಾಗದ ಬಂತೇ, ಇವತ್ತು ಎಷ್ಟು ಹೊತ್ತಿನವರೆಗೆ ಕೂರುತ್ತೀರಿ ಎಂದೆಲ್ಲ ವಿಚಾರಿಸುತ್ತಿದ್ದ. ಒಳ್ಳೆಯ ಮನುಷ್ಯ ಎಂದುಕೊಂಡಿದ್ದೆ.

ಒಂದು ದಿನ ನನ್ನ ಪಟ್ಟಿ ಅಚ್ಚಾಗುತ್ತಿರುವಾಗ ಅವನು ಬಗ್ಗಿ ನೋಡಿದ. ಅವನಿಗೆ ಇಂಗ್ಲಿಷ್ ಓದಲು ಬಾರದು. ಬಾಗಿಲ ಮೇಲಿದ್ದ ನನ್ನ ಹೆಸರಿನ ಆಕಾರ ಮಾತ್ರ ಗೊತ್ತಿತ್ತು.

"ಸಾಹೇಬ್ರ, ಇದ್ರಾಗ ನಿಮ್ಮ ಹೆಸರೂ ಐತಲ್ರೀ."

"ಎಲ್ಲಿ?"

"ಮ್ಯಾಲಿಂದ ಮೂರನೇದ್ದು. ಇದು ಕಳ್ಳರ ಪಟ್ಟಿ ಅಂದಿದ್ರಲ್ಲ?"

ನಿಜವಾಗಿತ್ತು. ಯಾವುದು ಬೆಳೆದಿದೆ ಎಂದು ತಿಳಿಯಲು ಇವತ್ತಿನ ಪಟ್ಟಿಯನ್ನು ನಿನ್ನೆಯದರ ಜೊತೆ ಹೋಲಿಸಬೇಕು. ಅದಕ್ಕೆ ದಿನಾ ಪಟ್ಟಿಯನ್ನು ಉಳಿಸಿಡುತ್ತಿದ್ದೆ. ಎಲ್ಲ ದಿನಗಳ ಪಟ್ಟಿಗಳೂ ಸೇರಿ ನನ್ನ ಖಾನೆಯೇ ಉಬ್ಬಿ ಕೂತಿತ್ತು.

"ಇನ್ನೇನ್ ಮಾಡ್ತೀರಿ?" ಎಂದ ಮಿಸ್ತ್ರಿ.

"ಎಲ್ಲರಿಗೂ ಏನು ಮಾಡ್ತೀನೋ ಅದನ್ನೇ."

ನನ್ನ ಹೆಸರಿಗೆ ಒಂದು ಮೆಮೊ ಟೈಪು ಮಾಡಿದೆ. ಟ್ರೇಯಲ್ಲಿಟ್ಟೆ. ಟೀ ಕುಡಿದು ಬಂದು ಮೆಮೊ ಓದಿದೆ; ಭಾಷೆ ಒರಟಾಯಿತು ಅನ್ನಿಸಿತು. ಉತ್ತರ ಬರೆದೆ: 'ಸದರಿ ಫೈಲುಗಳು ಕಚೇರಿ ಕೆಲಸಕ್ಕೆ ಅಗತ್ಯವಾಗಿವೆ.' ಎಲ್ಲರೂ ಕೊಡುವ ಉತ್ತರ ಅದೇ. ಅಲ್ಲಿಯವರೆಗೆ ಒಬ್ಬರದ್ದನ್ನೂ ನಾನು ಒಪ್ಪಿರಲಿಲ್ಲ. ಈ ಸಲ ಒಪ್ಪಿದೆ.

ಆ ವರ್ಷ ಕಾರ್ಖಾನೆಯಲ್ಲಿ ನನಗೆ ಬಂದ ಪತ್ರ ಅದೊಂದೇ. ಮರ್ಯಾದೆಯಿಂದ ಉತ್ತರ ಬಂದದ್ದೂ ಅದಕ್ಕೊಂದಕ್ಕೇ.

೬. ಹಾಜರಿ

ಮುಂದಿನ ಮಂಗಳವಾರ ಹೆಡ್ ಆಫೀಸಿನವರು ಕಂಪ್ಯೂಟರ್ ನೋಡಲು ಬರುವವರಿದ್ದರು. "ಅವರ ಎದುರಿಗೆ ಜಾಗವಿಲ್ಲ ಎಂದು ಅಚ್ಚಾಯಿತೋ, ಬುಧವಾರ ನೀವು ಜೋಗೇಶ್ವರಿ" ಎಂದು ಮ್ಯಾನೇಜರು ಶುಕ್ರವಾರವೇ ಹೇಳಿದ್ದರು. ಶನಿವಾರ ಬೆಳಿಗ್ಗೆ ನೋಡಿದರೆ ಡಿಸ್ಕಿನಲ್ಲಿ ಉಳಿದಿದ್ದದ್ದು ಒಂದು ದಿನದ ಜಾಗ.

ಪಟ್ಟಿ ತೆಗೆದೆ. ದೊಡ್ಡದೆನ್ನುವಂಥದ್ದು ಏನೂ ಕಾಣಲಿಲ್ಲ. ಸುಮ್ಮನೆ ಎಲ್ಲರ ಗಾತ್ರವನ್ನೂ ಕೂಡಿ, ಮೂಲ ಖಾನೆಯ ಮೊತ್ತದ ಜೊತೆ ಹೋಲಿಸಿದೆ. ತಾಳೆಯಾಗಲಿಲ್ಲ. ಮೂಲದಲ್ಲಿ ಇರುವ ಒಂದು ದೊಡ್ಡ ಪಾಲು ಯಾರ ಹೆಸರಿನಲ್ಲೂ ಇಲ್ಲ. ಮೂರು ಸಲ ಕೂಡಿದ ಮೇಲೆ ನೆನಪಾಯಿತು: ಒಬ್ಬರ ಹೆಸರನ್ನು ನಾನೇ ಪಟ್ಟಿಯಿಂದ ಬಿಡಿಸಿದ್ದೆ. ಡಿಸೈನ್ ವಿಭಾಗದ ಹಿರಿಯರು. ಅವರು ನಿವೃತ್ತರಾಗಿ ಆರು ತಿಂಗಳಾಗಿತ್ತು. ಬರೆದುಕೊಟ್ಟ ಕಾಗದದಲ್ಲಿ ಕಾಲಮಿತಿ ಹಾಕಿರಲಿಲ್ಲ.

ಆ ಅಪ್ಪಣೆಯನ್ನು ತೆಗೆದು ಮತ್ತೆ ಪಟ್ಟಿ ಹೊಡೆಸಿದೆ. ಮೊದಲ ಸಾಲಿಗೇ ಅವರ ಖಾನೆ ಬಂತು. ಒಳಗೆ ಒಂದೇ ಫೈಲು, 'ಹಾಜರಿ' ಎಂದು ಹೆಸರು. ಆ ದಿನವೇ ಬದಲಾಗಿತ್ತು. ಮನೆಗೆ ಹೋದ ಮನುಷ್ಯ ವಿಕ್ರೋಳಿಯಲ್ಲಿ ಶನಿವಾರ ಏನು ಬರೆಯುತ್ತಾರೆ ಎಂದು ಅದನ್ನು ಅಚ್ಚಿಗೆ ಹಾಕಿದೆ. ಸುರುಳಿ ನೆಲಕ್ಕೆ ಇಳಿದು, ಮೇಜಿನ ಸುತ್ತ ಹರಡಿತು.

ಮೊದಲ ನಮೂದು ಹಿರಿಯರದ್ದೇ. 'ಇಂದು ಸುತ್ತೋಲೆ ಪಾಲಿಸಿದ್ದಕ್ಕೆ ಮೆಮೊ ಪಡೆದೆ. ಇತರರಿಗೆ ಹೀಗಾಗಬಾರದೆಂದು ಕಂಪ್ಯೂಟರ್ ಕೋಣೆಯವನ ಚಲನವಲನವನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಖಾನೆಯನ್ನು ಅವನು ನೋಡುವುದಿಲ್ಲ. ಲಿಖಿತ ಭರವಸೆ ಇದೆ.' ನಿವೃತ್ತಿಯ ದಿನ ಪಾಸ್‌ವರ್ಡನ್ನು ಐದೂ ವಿಭಾಗಗಳಿಗೆ ಕೊಟ್ಟು ಹೋಗಿದ್ದರು. ಆಮೇಲೆ ಎಲ್ಲರೂ ಬರೆದಿದ್ದರು. ನಾನು ಯಾವಾಗ ಕುರ್ಚಿ ಬಿಡುತ್ತೇನೆ, ಯಾವಾಗ ಬರುತ್ತೇನೆ ಎಂದು ತಿಳಿದುಕೊಂಡು, ದೊಡ್ಡ ಫೈಲುಗಳನ್ನು ತರುವುದಕ್ಕೂ ಅಡಗಿಸುವುದಕ್ಕೂ.

ಕೆಲವನ್ನು ಇಲ್ಲಿ ಕೊಡುತ್ತೇನೆ.

'ಒಂಬತ್ತೂ ಹತ್ತು. ಬಂದ. ದಾದರಿನಲ್ಲಿ ಗಾಡಿ ತಪ್ಪಿರಬೇಕು, ಬೆವರಿದ್ದಾನೆ.'

'ಕ್ಯಾಂಟೀನು. ಉಪ್ಪಿಟ್ಟು. ಒಬ್ಬನೇ. ಹತ್ತು ನಿಮಿಷ ಸಿಗುತ್ತದೆ.'

'ಎರಡು ದಿನದಿಂದ ಕೆಮ್ಮು. ನಾಳೆ ರಜ ಹಾಕಬಹುದು. ಕ್ವಾಲಿಟಿ ವಿಭಾಗ ತಯಾರಿರಲಿ.' ಅದರ ಕೆಳಗೆ, 'ಕೆಮ್ಮಿಗೆ ಜ್ಯೇಷ್ಠಮಧು ಒಳ್ಳೆಯದು, ಯಾರಾದರೂ ಹೇಳಿ.' ಅದರ ಕೆಳಗೆ, 'ಹೇಳಿದರೆ ನಾವು ಗಮನಿಸುತ್ತೇವೆಂದು ತಿಳಿಯುತ್ತದೆ. ಬೇಡ.'

'ಇಂದು ತಾನೊಬ್ಬನೇ ಎರಡು ಪ್ಲೇಟು ಶಿರಾ ತಿಂದ. ಹುಟ್ಟುಹಬ್ಬವಿರಬಹುದೆಂದು ಅನುಮಾನ.'

ಅವತ್ತು ನನ್ನ ಹುಟ್ಟುಹಬ್ಬವೇ. ಮನೆಯಿಂದ ಬಂದ ಕಾಗದದಲ್ಲೂ ಅದರ ಪ್ರಸ್ತಾಪ ಇರಲಿಲ್ಲ.

ನಡುನಡುವೆ 'ಎ.ಸಿ. ಮಿಸ್ತ್ರಿ ಹೇಳಿಕೆ' ಎಂದು ಬರುತ್ತಿತ್ತು. ದಿನಾ ನನ್ನ ಊಟ, ಕಾಗದ ವಿಚಾರಿಸಿಕೊಂಡು ಹೋಗಿ ಎಲ್ಲವನ್ನೂ ಒಪ್ಪಿಸುತ್ತಿದ್ದ. ಒಂದು ಕಡೆ ಹೀಗಿತ್ತು: 'ಮನುಷ್ಯ ಒಳ್ಳೆಯವನು ಎಂದೂ ಬರೆದುಕೊಳ್ಳಿ ಎಂದು ಮಿಸ್ತ್ರಿಯ ಒತ್ತಾಯ. ಬರೆದುಕೊಳ್ಳಲಾಗಿದೆ. ಪರಿಶೀಲನೆ ಬಾಕಿ.'

ಇಡೀ ಡಿಸ್ಕಿನಲ್ಲಿ ಎಲ್ಲಕ್ಕಿಂತ ದೊಡ್ಡ, ದಿನಾ ಬೆಳೆಯುವ ಖಾನೆ ನನ್ನ ವಿಷಯದ್ದು. ಅದನ್ನು ಅಳಿಸಿದರೆ ಮಂಗಳವಾರ ದಾಟುತ್ತಿತ್ತು. ಅಳಿಸುವ ಅಪ್ಪಣೆ ಎರಡೇ ಅಕ್ಷರದ್ದು. ಅದನ್ನು ಹೊಡೆದು, ಫೈಲಿನ ಹೆಸರನ್ನೂ ಹೊಡೆದು, ಕೊನೆಯ ಗುಂಡಿ ಒತ್ತದೆ ಕೈ ತೆಗೆದೆ. ಆಮೇಲೆ ಹೆಸರನ್ನು ಹಿಂದೆಗೆದುಕೊಂಡು, ನನ್ನ ದಿನದಿನದ ಪಟ್ಟಿಗಳನ್ನು ಅಳಿಸಿದೆ. ಕಚೇರಿ ಕೆಲಸಕ್ಕೆ ಅಗತ್ಯವಾದವು. ಅದರಿಂದ ಸೋಮವಾರದ ಸಂಜೆಯವರೆಗಿನ ಜಾಗ ಸಿಕ್ಕಿತು. ಮಂಗಳವಾರಕ್ಕೆ ಇಲ್ಲ. ಸುರುಳಿಯನ್ನು ಮಡಿಸಿ ಮನೆಗೆ ಒಯ್ದು ಭಾನುವಾರವೆಲ್ಲ ಓದಿದೆ.

ಸೋಮವಾರ ಮಿಸ್ತ್ರಿ ಎಂದಿನಂತೆ ಬಂದು ಸ್ಟೂಲಿನ ಮೇಲೆ ಕೂತ.

"ನಿನ್ನಿ ಏನ್ ಮಾಡಿದ್ರಿ ಸಾಹೇಬ್ರ?"

"ಜುಹು ಬೀಚಿಗೆ ಹೋಗಿದ್ದೆ" ಎಂದೆ. ಹೋಗಿರಲಿಲ್ಲ.

"ಯಾರ ಜೋಡಿ?"

"ಅದನ್ನೆಲ್ಲ ಯಾಕೆ ಕೇಳ್ತೀರಿ."

ಅವನು ತಕ್ಷಣ ಎದ್ದ. ಎ.ಸಿ. ಮುಟ್ಟಲೂ ಇಲ್ಲ. ಅವನು ಮರಳಿ ಬರುವ ಹೊತ್ತಿಗೆ ನಾನು ಹಾಜರಿ ತೆರೆದು ಹೊಸ ಸಾಲು ಅಚ್ಚಾಗುವುದನ್ನೇ ನೋಡುತ್ತಿದ್ದೆ:

'ನಿನ್ನೆ ಜುಹುವಿಗೆ ಹೋಗಿದ್ದನಂತೆ. ಜೊತೆಗೆ ಯಾರಿದ್ದರೆಂದು ಹೇಳಲಿಲ್ಲ. ಯಾರೂ ಇದ್ದಿರಲಾರರು ಎಂದು ನಾಲ್ಕು ವಿಭಾಗಗಳ ಅಭಿಪ್ರಾಯ. ಖರೀದಿ ವಿಭಾಗದ ಭಿನ್ನಮತವಿದೆ.'

ಖರೀದಿ ವಿಭಾಗದವರು, ನಾನು ಹೆಚ್ಚು ಮೆಮೊ ಕೊಟ್ಟಿದ್ದು ಅವರಿಗೇ. ನನಗೆ ನಗು ಬಂತು. ತಡೆಯಲಾಗಲಿಲ್ಲ; ಗಟ್ಟಿಯಾಗಿಯೇ ನಕ್ಕೆ. ಮಿಸ್ತ್ರಿ ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನನ್ನು ನೋಡಿದ, ಸುರುಳಿಯ ಮೇಲೆ ಅಚ್ಚಾದದ್ದನ್ನು ನೋಡಿದ (ಓದಲು ಬಾರದ ಅವನಿಗೆ ಅದೂ ಕಳ್ಳರ ಪಟ್ಟಿಯೇ), ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಹೋದ. ಕಾಲು ಗಂಟೆಯಲ್ಲಿ ಇನ್ನೊಂದು ಸಾಲು ಬಂತು:

'ಹನ್ನೊಂದೂ ಇಪ್ಪತ್ತು. ಪಟ್ಟಿ ನೋಡುತ್ತಾ ಒಬ್ಬನೇ ನಕ್ಕ. ಮಿಸ್ತ್ರಿ ಕಣ್ಣಾರೆ ಕಂಡಿದ್ದಾನೆ. ಕಾರಣ ತಿಳಿದಿಲ್ಲ. ಎಲ್ಲರೂ ತಕ್ಷಣ ತಮ್ಮ ತಮ್ಮ ಖಾನೆ ಖಾಲಿ ಮಾಡಿಕೊಳ್ಳತಕ್ಕದ್ದು.'

ಮಧ್ಯಾಹ್ನ ಮೂರಕ್ಕೆ ನೋಡಿದೆ. ಅರ್ಧ ಡಿಸ್ಕ್ ಖಾಲಿಯಾಗಿತ್ತು. ಮಂಗಳವಾರ ಹೆಡ್ ಆಫೀಸಿನವರು ಬಂದು, ಇಷ್ಟು ಜಾಗವನ್ನು ಹೇಗೆ ಉಳಿಸುತ್ತೀರಿ ಎಂದು ಕೇಳಿದರು. ಶಿಸ್ತು ಎಂದರು ಮ್ಯಾನೇಜರು.

ಜೋಗೇಶ್ವರಿಗೆ ಹೋಗುವುದು ತಪ್ಪಿತು. ಸುತ್ತೋಲೆ, ಮೆಮೊ ಎಲ್ಲ ನಿಲ್ಲಿಸಿಬಿಟ್ಟೆ. ಅದಾದ ಮೇಲೆ ಅಲ್ಲಿದ್ದಷ್ಟು ದಿನವೂ, ಪ್ರತಿ ಶುಕ್ರವಾರ ಹನ್ನೊಂದು ಗಂಟೆಗೆ ಕಾರಿಡಾರಿನ ನಡುವೆ ಬಂದು ನಿಂತು, ಒಬ್ಬನೇ ಎರಡು ನಿಮಿಷ ನಗುತ್ತಿದ್ದೆ.